ಮನಸ್ಸಿನ ಭಾರವೂ ಮುಂಬರುವ ಯಂತ್ರಗಳೂ
(ಶತಮಾನೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಗತಕಾಲವನ್ನು ಸ್ಮರಿಸಲು ಹಲವರಿದ್ದಾರೆ. ನಾವು ಮುಂಬರುವ ಕಾಲವನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ. ನೊಂದ ಮನಸ್ಸಿಗೆ ಯಂತ್ರವು ನೆರವಾಗಬಲ್ಲುದೇ?

1966ರಲ್ಲಿ ಅಮೆರಿಕದ ಜೋಸೆಫ್ ವೈಜೆನ್‌ಬಾಮ್ ಎಂಬ ವಿದ್ವಾಂಸರು ‘ಎಲೈಜಾ’ ಎಂಬ ಗಣಕಯಂತ್ರದ ಯೋಜನೆಯೊಂದನ್ನು ಪ್ರಕಟಿಸಿದರು. ಬರೆದ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದಷ್ಟೇ ಅದರ ವಿದ್ಯೆ. ಅದು ಸಿದ್ಧವಾಗುತ್ತಿದ್ದುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿನಿಯೇ ಅದರೊಡನೆ ಸಂವಾದಕ್ಕೆ ತೊಡಗಿದ ಸ್ವಲ್ಪ ಹೊತ್ತಿನಲ್ಲಿ, ತಾವು ದಯಮಾಡಿ ಹೊರಗೆ ಹೋಗಬೇಕೆಂದು ಅವರನ್ನು ಕೇಳಿಕೊಂಡರಂತೆ! ವೈಜೆನ್‌ಬಾಮರು ದಿಗಿಲುಗೊಂಡು 1976ರಲ್ಲಿ ಎಚ್ಚರಿಕೆಯ ಗ್ರಂಥವನ್ನೇ ಬರೆದರು. ನಮಗಾದರೋ ಯಂತ್ರದ ಜಾಣ್ಮೆಗಿಂತ ಆ ಹೆಣ್ಣುಮಗಳ ಹಸಿವೇ ದೊಡ್ಡದಾಗಿ ಕಾಣುತ್ತದೆ. ಪಾಪನಿವೇದನೆಯ ಪೀಠದಲ್ಲಿ ಕುಳಿತವರಿಗೆ ಆ ಹಸಿವು ಹೊಸದಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ, ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕೂ ಮಿಕ್ಕ ಜನರು ಮಾನಸಿಕ ಅಸ್ವಸ್ಥತೆಯಿಂದ ಬಳಲುತ್ತಿದ್ದರು. ಅವರಲ್ಲಿ ಬಹುಪಾಲಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ವೈದ್ಯರು ದೂರ, ನಾಚಿಕೆಯೋ ಮನೆಯೊಳಗೇ ಇದೆ. ಕಾಯಿಲೆಯನ್ನು ದೆವ್ವದ ಕಾಟವೆಂದು ಬಚ್ಚಿಡುವ ಮನೆಗಳು ಕ್ರೈಸ್ತರಲ್ಲಿಯೂ ಉಂಟು. ನವೇನ ಮಾಡಿರಿ, ತಪ್ಪಿಲ್ಲ, ಔಷಧಿಯನ್ನು ಬಿಡಬೇಡಿರಿ. ಆತ್ಮಹತ್ಯೆ ಮಾಡಿಕೊಂಡವರ ಕುಟುಂಬವನ್ನು ಬೆರಳೆತ್ತಿ ತೋರಿಸುವವರು 1992ರ ಧರ್ಮೋಪದೇಶ ಗ್ರಂಥವನ್ನು ತೆರೆದು ನೋಡಲಿ. ತೀವ್ರ ಮನೋವ್ಯಥೆಯು ಹೊಣೆಯನ್ನು ತಗ್ಗಿಸುವುದೆಂದೂ, ಅಂತಹವರಿಗಾಗಿ ಧರ್ಮಸಭೆಯು ಪ್ರಾರ್ಥಿಸುವುದೆಂದೂ ಅಲ್ಲಿ ಸ್ಪಷ್ಟವಾಗಿ ಹೇಳಿದೆ.

2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆ ಈ ಕೊರತೆಯನ್ನು ನೀಗುವ ಒಂದು ಪ್ರಯತ್ನ. 14416ಕ್ಕೆ ಕರೆಮಾಡಿದರೆ ಹಗಲಿರುಳೆನ್ನದೆ, ಖರ್ಚಿಲ್ಲದೆ, ಕನ್ನಡದಲ್ಲಿಯೇ ತರಬೇತಿ ಪಡೆದ ಸಲಹೆಗಾರರು ಮಾತನಾಡುತ್ತಾರೆ. ಇಲ್ಲಿ ಯಂತ್ರವು ಮನುಷ್ಯನನ್ನು ಮನುಷ್ಯನ ಬಳಿಗೆ ಕರೆತರುತ್ತದೆ. ಧ್ವನಿಯ ಏರಿಳಿತದಿಂದ, ನಿದ್ರೆಯ ಕ್ರಮದಿಂದ ಖಿನ್ನತೆಯನ್ನು ಮೊದಲೇ ಗುರುತಿಸುವ ಸಂಶೋಧನೆಗಳೂ ನಡೆದಿವೆ. ನಡೆಯಲಿ. ಆದರೆ ಯಂತ್ರವು ಕೇಳಿಸಿಕೊಂಡ ಗುಟ್ಟು ಯಾರ ಕೈಸೇರುತ್ತದೆ? ಪಾಪನಿವೇದನೆಯ ರಹಸ್ಯವನ್ನು ಯಾವ ಗುರುವೂ ಬಯಲುಮಾಡುವಂತಿಲ್ಲ. ಯಂತ್ರದ ಒಡೆಯನಿಗೆ ಅಂತಹ ವ್ರತವಿಲ್ಲ. ಯಂತ್ರವನ್ನು ವ್ಯಕ್ತಿಯೆಂಬಂತೆ ತೋರಿಸಬಾರದೆಂದು ವ್ಯಾಟಿಕನ್ 2025ರ ಜನವರಿಯಲ್ಲಿ ‘ಆಂಟಿಕ್ವಾ ಎತ್ ನೋವಾ’ ಪತ್ರದಲ್ಲಿ ಹೇಳಿರುವುದು ಸಕಾಲಿಕವಾಗಿದೆ.

ಆ ದೂರವಾಣಿ ಸಂಖ್ಯೆಯನ್ನು ದೇವಾಲಯದ ಪ್ರಕಟಣಾ ಫಲಕದಲ್ಲಿ ಬರೆಸಿದ್ದೇವೆ. ಫೋನಿಲ್ಲದ ವೃದ್ಧರ ಮನೆಗಳಿಗೆ ನಮ್ಮ ಯುವಕ ಯುವತಿಯರು ತಮ್ಮ ಫೋನನ್ನು ಕೊಂಡೊಯ್ಯಲಿ. ಕರೆ ಹಚ್ಚಿಕೊಟ್ಟು, ಮಾತು ಮುಗಿಯುವವರೆಗೆ ಹೊರಗೆ ಜಗಲಿಯಲ್ಲಿ ಕುಳಿತಿರಲಿ.