‘ಐಟಿಐ ಆದ್ರೂ ಮಾಡ್ಸಿ’

ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದ ದಿನ ಅಂದ್ರೆ ನಮ್ಮಂಥ ಚಾನೆಲ್‌ಗಳಿಗೆ ಹಬ್ಬ. ಹೆಚ್ಚು ಅಂಕ ತೆಗೆದ ಮಕ್ಕಳ ಮನೆ ಮುಂದೆ ನಮ್ಮ ವ್ಯಾನು ನಿಂತಿರುತ್ತೆ. ಅಪ್ಪ ಅಮ್ಮ ಮಗುವಿನ ಬಾಯಿಗೆ ಲಾಡು ಇಡ್ತಾರೆ, ನಾವು ಅದನ್ನ ದಿನವೆಲ್ಲ ತೋರಿಸ್ತೀವಿ. ಸಂಜೆಗೆ ಫೋನ್-ಇನ್ ಕಾರ್ಯಕ್ರಮ. ಮುಂದೇನು ಓದಬೇಕು ಅಂತ ಸಲಹೆ ಕೊಡೋದು.

ಈ ಸಲ ಒಬ್ಬ ತಾಯಿ ಫೋನ್ ಮಾಡಿದ್ರು. “ಸರ್, ಮಗನಿಗೆ ನಲವತ್ತೆಂಟು ಪರ್ಸೆಂಟ್ ಬಂದಿದೆ. ಓದು ಅಷ್ಟಕ್ಕಷ್ಟೇ. ಆದ್ರೆ ಮನೇಲಿ ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸ್ತಾನೆ. ಏನು ಮಾಡ್ಸೋದು?” ನನ್ನ ಪಕ್ಕ ಕೂತಿದ್ದ ತಜ್ಞರು ಒಂದು ಸೆಕೆಂಡೂ ಯೋಚನೆ ಮಾಡಲಿಲ್ಲ. “ಐಟಿಐ ಆದ್ರೂ ಮಾಡ್ಸಿ ಅಮ್ಮ” ಅಂದ್ರು. ನಾನೂ ತಲೆ ಆಡಿಸಿದೆ. ಮುಂದಿನ ಕಾಲರ್‌ಗೆ ಹೋದ್ವಿ.

ಮನೆಗೆ ಹೋಗುವಾಗ ಕಾರಿನಲ್ಲಿ ಆ ‘ಆದ್ರೂ’ ಅನ್ನೋ ಪದ ಚುಚ್ಚೋದಕ್ಕೆ ಶುರುವಾಯ್ತು. ‘ಮೆಡಿಕಲ್ ಆದ್ರೂ ಮಾಡ್ಸಿ’ ಅಂತ ಯಾರಾದ್ರೂ ಹೇಳಿದ್ದು ಕೇಳಿದ್ದೀರಾ? ಬೇರೆ ಯಾವ ಬಾಗಿಲೂ ತೆರೀದೆ ಇದ್ದಾಗ ತಟ್ಟೋ ಬಾಗಿಲಿಗೆ ನಾವು ಹಚ್ಚೋ ಬಣ್ಣ ಅದು, ‘ಆದ್ರೂ’. ನಾನು ತಲೆ ಆಡಿಸಬಾರದಿತ್ತು. ಯಾಕಂದ್ರೆ ನನಗೆ ಕೆಲಸ ಅಂದ್ರೇನು ಅಂತ ಕಲಿಸಿದ ಮನುಷ್ಯ ಐಟಿಐ ಓದಿದವರು. ಇವತ್ತು ಅವರ ಕಥೆ ಹೇಳ್ತೀನಿ. ಹೆಸರು ಬೇಡ. ನಾವೆಲ್ಲ ಅವರನ್ನ ಮೇಸ್ತ್ರಿ ಅಂತಲೇ ಕರೀತಿದ್ವಿ.

ನಾನು ಟಿವಿಗೆ ಬರೋ ಮುಂಚೆ ಮೆಕ್ಯಾನಿಕಲ್ ಇಂಜಿನಿಯರ್. ಫಸ್ಟ್ ಕ್ಲಾಸ್. ಪೀಣ್ಯದ ಒಂದು ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಟ್ರೈನಿಯಾಗಿ ಸೇರಿದ್ದೆ. ಶೀಟ್ ಮೆಟಲ್ ಅಂದ್ರೆ ಏನೋ ದೂರದ್ದು ಅಂದ್ಕೋಬೇಡಿ. ನಿಮ್ಮ ಮನೆಯ ಬೀರು, ಮೀಟರ್ ಬೋರ್ಡಿನ ಡಬ್ಬ, ಲಿಫ್ಟಿನ ಬಾಗಿಲು, ಬಿಎಂಟಿಸಿ ಬಸ್ಸಿನ ಮೈ, ಎಟಿಎಂ ಮೆಷಿನ್ನಿನ ಕವಚ, ಎಲ್ಲ ತಗಡಿನ ಕೆಲಸವೇ. ಬೆಂಗಳೂರಿಗೆ ಈ ವಿದ್ಯೆ ಹೊಸದೂ ಅಲ್ಲ. 1940ರಲ್ಲಿ ಇಲ್ಲಿ ಎಚ್‌ಎಎಲ್ ಶುರುವಾಯ್ತು. 1961ರಲ್ಲಿ ಇದೇ ಊರಿನ ಆಕಾಶದಲ್ಲಿ ‘ಮಾರುತ್’ ಯುದ್ಧವಿಮಾನ ಮೊದಲ ಸಲ ಹಾರಿತು. ಡಿಸೈನ್ ಮಾಡಿದ ಜರ್ಮನಿಯ ಕುರ್ಟ್ ಟ್ಯಾಂಕ್ ಹೆಸರು ಪುಸ್ತಕದಲ್ಲಿದೆ. ಆ ವಿಮಾನದ ತಗಡನ್ನ ಕತ್ತರಿಸಿ, ಬಾಗಿಸಿ, ರಿವೆಟ್ ಹೊಡೆದ ಕೈಗಳ ಹೆಸರು ಎಲ್ಲಿದೆ?

ಸರಿ, ನನ್ನ ವಿಷಯಕ್ಕೆ ಬರ್ತೀನಿ. ಸೇರಿದ ಎರಡನೇ ವಾರ ನನಗೊಂದು ಎಲ್ ಆಕಾರದ ಬ್ರ್ಯಾಕೆಟ್ ಕೊಟ್ರು. 2 ಮಿಲಿಮೀಟರ್ ದಪ್ಪದ ಶೀಟು. ಹೊರಗಿನ ಅಳತೆ ಒಂದು ಕಡೆ 50, ಇನ್ನೊಂದು ಕಡೆ 30. ಬಾಗಿಸೋ ಮುಂಚೆ ಎಷ್ಟು ಉದ್ದಕ್ಕೆ ಕತ್ತರಿಸಬೇಕು? ಐವತ್ತು ಮೂವತ್ತು ಎಂಬತ್ತು. ಸುಲಭ ಅಲ್ವಾ? ನಾನು 80 ಅಂತ ಬರೆದುಕೊಟ್ಟೆ. ಅರವತ್ತು ಪೀಸ್ ಕತ್ತರಿಸಿದ್ರು, ಬಾಗಿಸಿದ್ರು. ಅರವತ್ತೂ ತಪ್ಪು. 30 ಇರಬೇಕಾದ ಕಡೆ 33 ದಾಟಿತ್ತು. ತೂತಿಗೆ ತೂತು ಕೂರ್ತಾ ಇಲ್ಲ.

ಯಾಕೆ ಹೀಗಾಯ್ತು? ತಗಡನ್ನ ಬಾಗಿಸಿದಾಗ ಹೊರಮೈ ಹಿಗ್ಗುತ್ತೆ, ಒಳಮೈ ಕುಗ್ಗುತ್ತೆ. ಇವೆರಡರ ನಡುವೆ ಎಲ್ಲೋ ಒಂದು ಗೆರೆ ಮಾತ್ರ ಹಿಗ್ಗಲ್ಲ, ಕುಗ್ಗಲ್ಲ. ಆ ಗೆರೆಯ ಉದ್ದಕ್ಕೆ ಕತ್ತರಿಸಬೇಕು. ಲೆಕ್ಕ ಹಾಕಿದ್ರೆ ಅದು ಬರೋದು ಸುಮಾರು ಎಪ್ಪತ್ತಾರೂವರೆ, ಎಂಬತ್ತಲ್ಲ. ಈ ಗೆರೆ ಬಗ್ಗೆ ನಾನು ಪರೀಕ್ಷೆಯಲ್ಲಿ ಹತ್ತು ಮಾರ್ಕ್ಸಿನ ಉತ್ತರ ಬರೆದು ಬಂದಿದ್ದೆ! ಆದ್ರೆ ಆ ಗೆರೆ ಪೀಣ್ಯದ ಒಂದು ಶೆಡ್ಡಿನಲ್ಲಿ, ಎಣ್ಣೆ ಹತ್ತಿದ ತಗಡಿನೊಳಗೆ ಇರುತ್ತೆ ಅಂತ ನನಗೆ ಹೊಳೆದೇ ಇರಲಿಲ್ಲ.

ಮಾಲೀಕರು ಬಂದ್ರು. “ಯಾರು ಅಳತೆ ಕೊಟ್ಟಿದ್ದು?” ನನ್ನ ಕಾಲು ನಡುಗ್ತಿತ್ತು. ನಾನು ಬಾಯಿ ಬಿಡೋ ಮುಂಚೆ ಮೇಸ್ತ್ರಿ ಹೇಳಿದ್ರು: “ಮೊದಲ ಪೀಸ್ ಚೆಕ್ ಮಾಡಬೇಕಾದವನು ನಾನು ಸಾರ್. ಮಾಡಲಿಲ್ಲ. ತಪ್ಪು ನಂದು.” ಮಾಲೀಕರು ಗೊಣಗುತ್ತಾ ಹೋದ್ರು. ಆಮೇಲೆ ನನ್ನನ್ನ ಪಕ್ಕಕ್ಕೆ ಕರೆದು, ಅರವತ್ತರಲ್ಲಿ ಒಂದನ್ನ ನನ್ನ ಕೈಗೆ ಕೊಟ್ಟು, “ಇದನ್ನ ಇಟ್ಕೊಳಪ್ಪಾ ಇಂಜಿನಿಯರ್ರೇ. ಮೊದಲನೇದನ್ನ ಅಳೀದೆ ಎರಡನೇದನ್ನ ಕತ್ತರಿಸಬೇಡ” ಅಂದ್ರು. ಅಷ್ಟೇ. ಆ ಬ್ರ್ಯಾಕೆಟ್ ಇವತ್ತಿಗೂ ನನ್ನ ಮೇಜಿನ ಮೇಲಿದೆ.

ಮೇಸ್ತ್ರಿ ತುಮಕೂರು ಜಿಲ್ಲೆಯ ಒಂದು ಹಳ್ಳಿಯವರು. ಎಸ್‌ಎಸ್‌ಎಲ್‌ಸಿ ಆದ್ಮೇಲೆ ಐಟಿಐ, ಶೀಟ್ ಮೆಟಲ್ ವರ್ಕರ್ ಟ್ರೇಡು. ಪೀಣ್ಯಕ್ಕೆ ಬಂದಾಗ ಹೆಲ್ಪರ್. ಎರಡು ವರ್ಷ ಕತ್ತರಿಸಿದ ತಗಡಿನ ಅಂಚನ್ನ ಅರದಲ್ಲಿ ಉಜ್ಜಿ ಚೂಪು ತೆಗೆಯೋದೇ ಕೆಲಸ. ಆಮೇಲೆ ಶಿಯರಿಂಗ್ ಮೆಷಿನ್. ಆಮೇಲೆ ಪ್ರೆಸ್ ಬ್ರೇಕ್, ಅಂದ್ರೆ ತಗಡು ಬಾಗಿಸೋ ಯಂತ್ರ. ಅಲ್ಲಿಂದ ಸೆಟ್ಟರ್, ಅಲ್ಲಿಂದ ಸೂಪರ್‌ವೈಸರ್. ಬಾಗಿಸಿದ ತಗಡು ಬಿಟ್ಟ ತಕ್ಷಣ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತೆ. ಹಾಗಾಗಿ 90 ಡಿಗ್ರಿ ಬೇಕು ಅಂದ್ರೆ ಇನ್ನೂ ಸ್ವಲ್ಪ ಜಾಸ್ತಿ ಒತ್ತಬೇಕು. ಸ್ಟೇನ್‌ಲೆಸ್ ಸ್ಟೀಲ್ ಮಾಮೂಲಿ ಕಬ್ಬಿಣದ ತಗಡಿಗಿಂತ ಹೆಚ್ಚು ಚಿಮ್ಮುತ್ತೆ. ನಾನು ಟೇಬಲ್ ನೋಡ್ತಿದ್ದೆ. ಅವರು ತಗಡಿನ ಮೂಲೆಯನ್ನ ಕೈಯಲ್ಲಿ ಒಂಚೂರು ಬಗ್ಗಿಸಿ ನೋಡಿ, “ಈ ಲಾಟ್ ಗಟ್ಟಿ ಇದೆ, ಇನ್ನೊಂದು ಡಿಗ್ರಿ ಕೊಡು” ಅಂತಿದ್ರು. ಸರಿ ಇರ್ತಿತ್ತು.

ಆದ್ರೆ ನಾನು ಅವರನ್ನ ನಾಯಕ ಅಂತ ಕರೆಯೋದು ಈ ಕೈಚಳಕಕ್ಕಲ್ಲ. ಒಂದು ತಿಂಗಳ ಕೊನೆಯ ದಿನಕ್ಕೆ.

ಹೊರಗೆ ಲಾರಿ ನಿಂತಿತ್ತು. ಅವತ್ತು ಮಾಲು ಹೋದ್ರೆ ಎಲ್ಲರಿಗೂ ಇನ್ಸೆಂಟಿವ್. ಪವರ್ ಪ್ರೆಸ್‌ನಲ್ಲಿ ಒಬ್ಬ ಹುಡುಗ ಕೂತಿದ್ದ. ಆ ಪ್ರೆಸ್ಸಿಗೆ ಎರಡು ಬಟನ್ ಇರುತ್ತೆ. ಎರಡೂ ಕೈಯಲ್ಲಿ ಒಟ್ಟಿಗೆ ಒತ್ತಿದ್ರೆ ಮಾತ್ರ ಯಂತ್ರ ಇಳಿಯಬೇಕು. ಯಾಕೆ? ಎರಡೂ ಕೈ ಬಟನ್ ಮೇಲಿದ್ರೆ ಯಾವ ಕೈಯೂ ಡೈ ಒಳಗೆ ಇರಲ್ಲ. ಹುಡುಗ ಏನು ಮಾಡಿದ್ದ ಗೊತ್ತಾ? ಒಂದು ಬಟನ್ನನ್ನ ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದು ಕಟ್ಟಿದ್ದ. ಒಂದು ಕೈಯಲ್ಲಿ ಪೀಸ್ ಇಡು, ಇನ್ನೊಂದರಲ್ಲಿ ಬಟನ್ ಒತ್ತು. ಕೆಲಸ ಬೇಗ ಆಗುತ್ತೆ. ಎಲ್ಲರಿಗೂ ಗೊತ್ತಿತ್ತು. ನನಗೂ ಕಾಣಿಸಿತ್ತು. ನಾನು ಸುಮ್ಮನಿದ್ದೆ.

ಮೇಸ್ತ್ರಿ ನೋಡಿದ್ರು. ಸೀದಾ ಹೋಗಿ ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕೊಂಡ್ರು. ಮಾಲೀಕರು ಓಡಿ ಬಂದ್ರು. “ಲಾರಿ ಕಾಯ್ತಿದೆ ಕಣ್ರೀ!” ಅಂತ ಕೂಗಾಡಿದ್ರು. ಮೇಸ್ತ್ರಿ ದನಿ ಏರಿಸಲಿಲ್ಲ. “ಲಾರಿ ಕಾಯುತ್ತೆ ಸಾರ್. ಬೆರಳು ಮತ್ತೆ ಚಿಗುರಲ್ಲ” ಅಂದು ತಮ್ಮ ಎಡಗೈ ಎತ್ತಿದ್ರು. ಆ ಕೈಯಲ್ಲಿ ತೋರುಬೆರಳು ಇರಲಿಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ, ಇನ್ನೊಂದು ಶೆಡ್ಡಿನಲ್ಲಿ, ಇಂಥದ್ದೇ ಒಂದು ತಿಂಗಳ ಕೊನೆಯಲ್ಲಿ ಹೋಗಿದ್ದು.

ಯಂತ್ರದ ಅಪಾಯದ ಭಾಗಕ್ಕೆ ತಡೆ ಇರಲೇಬೇಕು ಅಂತ 1948ರ ಫ್ಯಾಕ್ಟರಿ ಕಾಯ್ದೆಯಲ್ಲೇ ಬರೆದಿದ್ರು. ಬೆರಳು ಹೋದ ಮೇಲೆ ಎಷ್ಟು ಅನ್ನೋದಕ್ಕೂ ಕಾನೂನಿನಲ್ಲಿ ಒಂದು ಪಟ್ಟಿ ಇದೆ. ಇಡೀ ತೋರುಬೆರಳು ಹೋದ್ರೆ ಗಳಿಸೋ ಶಕ್ತಿಯಲ್ಲಿ ನಷ್ಟ 14 ಪರ್ಸೆಂಟ್. ಲೆಕ್ಕ ಅಷ್ಟು ಚೊಕ್ಕ. ಅನ್ನ ಕಲಸುವಾಗ, ಮಗಳ ಜಡೆ ಹೆಣೆಯುವಾಗ ಎಷ್ಟು ಪರ್ಸೆಂಟ್ ಅಂತ ಯಾವ ಪಟ್ಟಿಯಲ್ಲೂ ಇಲ್ಲ.

ಸಿನಿಮಾ ಆಗಿದ್ರೆ ಈಗ ಎಲ್ಲರೂ ಚಪ್ಪಾಳೆ ತಟ್ಟಬೇಕು. ಹಾಗೇನೂ ಆಗಲಿಲ್ಲ. ಮಾಲು ಮಾರನೇ ದಿನ ಹೋಯ್ತು. ಇನ್ಸೆಂಟಿವ್ ಕಟ್. ಜೊತೆಗಾರರೇ ಮೇಸ್ತ್ರಿಯನ್ನ ಬೈಕೊಂಡ್ರು. ಮಾಲೀಕರು ನಾಲ್ಕು ದಿನ ಮಾತಾಡಿಸಲಿಲ್ಲ. ಆ ಹುಡುಗ ಐನೂರು ರೂಪಾಯಿ ಜಾಸ್ತಿ ಸಿಗುತ್ತೆ ಅಂತ ಬೇರೆ ಶೆಡ್ಡಿಗೆ ಹೋದ, ಹತ್ತೂ ಬೆರಳು ಇಟ್ಕೊಂಡು.

ಈಗ ನನಗೆ ಹೇಳೋಕೆ ಕಷ್ಟವಾಗೋ ಮಾತು. ಕೆಲವು ತಿಂಗಳಾದ ಮೇಲೆ ಒಂದು ದೊಡ್ಡ ಕಂಪನಿಯ ಆರ್ಡರ್ ಬರೋದಿತ್ತು. ಪ್ರೊಡಕ್ಷನ್ ನೋಡಿಕೊಳ್ಳೋರು ಡಿಗ್ರಿ ಇರೋರೇ ಆಗಿರಬೇಕು ಅಂತ ಅವರ ಷರತ್ತು. ಇಪ್ಪತ್ತು ವರ್ಷ ದುಡಿದ ಮೇಸ್ತ್ರಿಯ ಮೇಲೆ ಆ ಕುರ್ಚಿಗೆ ಯಾರನ್ನ ಕೂರಿಸಿದ್ರು ಹೇಳಿ? ನನ್ನನ್ನ! ಐವತ್ತು ಮೂವತ್ತು ಎಂಬತ್ತು ಅಂದವನನ್ನ. ನಾನು ಬೇಡ ಅನ್ನಲಿಲ್ಲ. ಸಂಬಳ ಜಾಸ್ತಿ ಇತ್ತು, ಕ್ಯಾಬಿನ್ನಿಗೆ ಫ್ಯಾನ್ ಇತ್ತು. ಮಾರನೇ ವಾರ ಮೇಸ್ತ್ರಿ ಒಂದು ದಿನದ ರಜೆಗೆ ಅರ್ಜಿ ತಂದು ನನ್ನ ಮುಂದೆ ನಿಂತ್ರು. ನಾನು ಸಹಿ ಹಾಕಿದೆ. ಅವರು “ಥ್ಯಾಂಕ್ಸ್ ಸಾರ್” ಅಂದ್ರು. ಅಲ್ಲಿವರೆಗೂ ನಾನು ಅವರಿಗೆ ‘ಏನಪ್ಪಾ’ ಆಗಿದ್ದೆ.

ಇದೇ ಸ್ವಾಮಿ ನಮ್ಮ ‘ಆದ್ರೂ’ ಮಾಡೋ ಕೆಲಸ. ಮೇಸ್ತ್ರಿಗೆ ಏಣಿಯ ಕೊನೇ ಮೆಟ್ಟಿಲು ಮಾತ್ರ ಸಿಗಲಿಲ್ಲ. ಕೆಲಸ ಬರದೆ ಇದ್ದದ್ದಕ್ಕಲ್ಲ, ಕಾಗದ ಇಲ್ಲದ್ದಕ್ಕೆ.

ಹಾಗಂತ ಡಿಗ್ರಿ ದಂಡ ಅಂತ ನಾನು ಹೇಳ್ತಿಲ್ಲ. ಅಪ್ಪ ಅಮ್ಮಂದಿರ ಭಯ ಸುಳ್ಳು ಅಂತಲೂ ಹೇಳಲ್ಲ. ಶುರುವಿನಲ್ಲಿ ಸಂಬಳ ಕಮ್ಮಿ, ಎಷ್ಟೋ ಕಡೆ ಗುತ್ತಿಗೆ ಕೆಲಸ, ಕೆಲವು ಐಟಿಐಗಳಲ್ಲಿ ಅಜ್ಜನ ಕಾಲದ ಯಂತ್ರ. ಎಲ್ಲ ನಿಜ. ಆದ್ರೆ ಏಣಿ ಇದೆ ಅನ್ನೋದೂ ನಿಜ. ಎರಡು ವರ್ಷದ ಐಟಿಐ ಟ್ರೇಡ್ ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರೋ ಅವಕಾಶ ಇದೆ. ಡಿಪ್ಲೊಮಾ ಆದವರು ಡಿಸಿಇಟಿ ಬರೆದು ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗಬಹುದು. ಸ್ಟೈಪೆಂಡ್ ತಗೊಂಡು ಕಾರ್ಖಾನೆಯಲ್ಲೇ ಕಲಿಯೋದಕ್ಕೆ 1961ರಿಂದಲೇ ಅಪ್ರೆಂಟಿಸ್ ಕಾಯ್ದೆ ಇದೆ. ಇದನ್ನ ಯಾರು ಹೇಳ್ತಾರೆ ಆ ಮಕ್ಕಳಿಗೆ? ರಿಸಲ್ಟ್ ದಿನ ಲಾಡು ತೋರಿಸೋ ನಾವಂತೂ ಹೇಳಲ್ಲ. ಐಟಿಐಯಲ್ಲಿ ಮೊದಲ ಸ್ಥಾನ ಬಂದ ಹುಡುಗಿಯ ಮನೆ ಮುಂದೆ ನಮ್ಮ ವ್ಯಾನು ನಿಂತಿದ್ದು ನಾನು ನೋಡಿಲ್ಲ.

ಕಾರ್ಖಾನೆ ನಡೆಸೋರಿಗೆ ಒಂದು ಮಾತು. ನಿಮ್ಮ ಶೆಡ್ಡಿನಲ್ಲೂ ಒಬ್ಬ ಮೇಸ್ತ್ರಿ ಇರ್ತಾರೆ. ಅವರು ರಜೆ ಹಾಕಿದ ದಿನ ನಿಮ್ಮ ಕೆಲಸ ಅರ್ಧಕ್ಕೆ ನಿಲ್ಲುತ್ತೆ, ಅದು ನಿಮಗೂ ಗೊತ್ತು. ಅವರನ್ನ ಡಿಪ್ಲೊಮಾ ಓದಿಸಿ, ಫೀಸ್ ನೀವೇ ಕಟ್ಟಿ, ಆ ಕುರ್ಚಿಯಲ್ಲಿ ಅವರನ್ನೇ ಕೂರಿಸಿ. ಅವರು ಫ್ಯೂಸ್ ಕಿತ್ತ ದಿನ, ದಯವಿಟ್ಟು, ಇನ್ಸೆಂಟಿವ್ ಕಟ್ ಮಾಡಬೇಡಿ.

ಇನ್ನು ಅವತ್ತು ಫೋನ್ ಮಾಡಿದ ತಾಯಿಗೆ. ಅಮ್ಮ, ಅವತ್ತು ನಿಮಗೆ ನಾವು ಅರ್ಧ ಉತ್ತರ ಕೊಟ್ವಿ. ನಿಮ್ಮ ಮಗ ಬಿಚ್ಚಿದ್ದನ್ನ ಮತ್ತೆ ಜೋಡಿಸ್ತಾನೆ ಅಂದ್ರಲ್ಲ, ಬಿಚ್ಚೋರು ಬಹಳ ಜನ ಇದ್ದಾರೆ, ಜೋಡಿಸೋರು ಕಮ್ಮಿ. ಸೇರಿಸೋ ಮುಂಚೆ ಐಟಿಐಗೆ ನೀವೇ ಹೋಗಿ ನೋಡಿ. ವರ್ಕ್‌ಶಾಪಿನಲ್ಲಿ ಯಂತ್ರ ಓಡ್ತಿದೆಯಾ, ಮಕ್ಕಳ ಕೈಗೆ ಎಣ್ಣೆ ಹತ್ತಿದೆಯಾ, ಅಪ್ರೆಂಟಿಸ್‌ಗೆ ಎಲ್ಲಿಗೆ ಕಳಿಸ್ತಾರೆ, ಕೇಳಿ. ಕೆಲಸಕ್ಕೆ ಸೇರಿದ ಮೇಲೆ ಓದು ಬಿಡಬೇಡ ಅಂತ ಮಗನಿಗೆ ಹೇಳಿ. ಎರಡು ಬಟನ್ ಇರೋ ಯಂತ್ರದಲ್ಲಿ ಒಂದನ್ನ ಎಂದಿಗೂ ಕಟ್ಟಬೇಡ ಅಂತಲೂ ಹೇಳಿ.

ಐಟಿಐ ಮಾಡ್ಸಿ ಅಮ್ಮ. ‘ಆದ್ರೂ’ ಬೇಡ.