ಕಾಫಿಗಿಂತ ಮುಂಚಿನ ಮಾತ್ರೆ

ಕೆಲವರ ಮನೆಗಳಲ್ಲಿ ಬೆಳಗಾದರೆ ಒಂದು ನಿಯಮ. ಅಮ್ಮನೋ ದೊಡ್ಡಮ್ಮನೋ ಎದ್ದು ಮುಖ ತೊಳೆದು, ಪುಟ್ಟ ಮಾತ್ರೆಯೊಂದನ್ನು ನೀರಿನ ಜೊತೆ ನುಂಗುತ್ತಾರೆ. ಆಮೇಲೆ ಅರ್ಧ ಗಂಟೆಯೋ ಒಂದು ಗಂಟೆಯೋ ಕಾಫಿ ಮುಟ್ಟುವುದಿಲ್ಲ. ಡಿಕಾಕ್ಷನ್ನಿನ ಘಮ ಮನೆ ತುಂಬಿದ್ದರೂ ಕಾಯುತ್ತಾರೆ ಎಂದರೆ ಆ ಮಾತ್ರೆಯಲ್ಲಿ ಏನೋ ವಿಶೇಷ ಇರಲೇಬೇಕಲ್ಲವೇ?

ಮಾತ್ರೆಯಲ್ಲಿರುವುದು ಥೈರಾಕ್ಸಿನ್ ಎಂಬ ಹಾರ್ಮೋನು. ನಮ್ಮೆಲ್ಲರ ಕತ್ತಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿ ಇದನ್ನು ತಯಾರಿಸುತ್ತದೆ. ಅದಕ್ಕೆ ಬೇಕಾದ ಅಯೋಡಿನ್ ಅಡುಗೆಯ ಉಪ್ಪಿನಿಂದಲೂ ಸಿಗುತ್ತದೆ. ಹೃದಯ ಎಷ್ಟು ವೇಗವಾಗಿ ಬಡಿಯಬೇಕು, ಮೈ ಎಷ್ಟು ಬೆಚ್ಚಗಿರಬೇಕು, ಮಕ್ಕಳು ಹೇಗೆ ಬೆಳೆಯಬೇಕು, ಎಲ್ಲದರಲ್ಲೂ ಇದರ ಪಾಲಿದೆ.

ಈ ಗ್ರಂಥಿಗೆ ಕ್ಯಾನ್ಸರ್ ಬಂದರೆ ಶಸ್ತ್ರಚಿಕಿತ್ಸೆ ಮಾಡಿ ಎಷ್ಟೋ ಸಲ ಅದನ್ನು ಪೂರ್ತಿ ತೆಗೆದುಬಿಡುತ್ತಾರೆ. ಕೆಲವರಿಗೆ ವಿಕಿರಣ ಸೂಸುವ ಅಯೋಡಿನ್ನನ್ನೂ ಕೊಡುತ್ತಾರೆ. ಅಳಿದುಳಿದ ಥೈರಾಯ್ಡ್ ಜೀವಕೋಶಗಳು ಅದನ್ನು ಹೀರಿಕೊಂಡು ಸಾಯುತ್ತವೆ. ಅದನ್ನು ತೆಗೆದುಕೊಂಡವರು ಕೆಲವು ದಿನ ಮಕ್ಕಳನ್ನು ಹತ್ತಿರ ಸೇರಿಸುವುದಿಲ್ಲ. ಅದು ಮುನಿಸಲ್ಲ, ಮಕ್ಕಳಿಗೆ ವಿಕಿರಣ ತಾಗದಿರಲಿ ಎಂಬ ಎಚ್ಚರ.

ಗ್ರಂಥಿ ಹೋದ ಮೇಲೆ ಏನಾಗುತ್ತದೆ ಎನ್ನುವುದು ಒಂದು ಕಾಲದಲ್ಲಿ ಡಾಕ್ಟರುಗಳಿಗೇ ಗೊತ್ತಿರಲಿಲ್ಲ. ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಥಿಯೋಡರ್ ಕೋಚರ್ ಎಂಬ ಶಸ್ತ್ರವೈದ್ಯರಿದ್ದರು. 1874ರಲ್ಲಿ ಗಳಗಂಡದಿಂದ ನರಳುತ್ತಿದ್ದ 11 ವರ್ಷದ ಹುಡುಗಿಯ ಥೈರಾಯ್ಡನ್ನು ಅವರು ಪೂರ್ತಿ ತೆಗೆದರು. ಗಾಯ ಚೆನ್ನಾಗಿಯೇ ಮಾಗಿತು. ಆದರೆ ಚುರುಕಾಗಿದ್ದ ಹುಡುಗಿ ಬರಬರುತ್ತ ಮಂಕಾದಳು, ಅವಳ ಬೆಳವಣಿಗೆಯೂ ನಿಂತಿತು. ಕೋಚರ್ ತಮ್ಮ ಹಳೆಯ ರೋಗಿಗಳನ್ನು ಕರೆಸಿ ನೋಡಿದರೆ ಇನ್ನೂ ಹಲವರದು ಅದೇ ಪಾಡು! ಅವರು ಅದನ್ನು ಮುಚ್ಚಿಡದೆ 1883ರಲ್ಲಿ ಇತರ ವೈದ್ಯರ ಮುಂದೆ ಹೇಳಿದರು. 1909ರಲ್ಲಿ ಅವರಿಗೆ ನೊಬೆಲ್ ಬಂತು. ನನಗೇನೋ ಆ ಬಹುಮಾನಕ್ಕಿಂತ ಈ ಹೇಳಿಕೆಯೇ ದೊಡ್ಡದೆನಿಸುತ್ತದೆ.

1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ, ಥೈರಾಯ್ಡ್ ಕೆಟ್ಟಿದ್ದ ಹೆಂಗಸೊಬ್ಬರಿಗೆ ಕುರಿಯ ಥೈರಾಯ್ಡಿನ ರಸ ಚುಚ್ಚಿದರು. ಆಕೆ ಮತ್ತೆ 28 ವರ್ಷ ಬದುಕಿದರು. 1914ರ ಕ್ರಿಸ್‌ಮಸ್ ದಿನ ಅಮೆರಿಕದ ಎಡ್ವರ್ಡ್ ಕೆಂಡಾಲ್ ಹಂದಿಗಳ ಥೈರಾಯ್ಡಿನಿಂದ ಥೈರಾಕ್ಸಿನ್ನಿನ ಹರಳುಗಳನ್ನೇ ಬೇರ್ಪಡಿಸಿದರು. ಈಗಿನ ಮಾತ್ರೆಗೆ ಕುರಿಯೂ ಬೇಡ, ಹಂದಿಯೂ ಬೇಡ. ಕಾರ್ಖಾನೆಯಲ್ಲೇ ತಯಾರಾಗುತ್ತದೆ.

ಹಾಗಾದರೆ ಎಷ್ಟು ಕೊಡಬೇಕು? ಗ್ರಂಥಿ ಪೂರ್ತಿ ಇಲ್ಲದ ದೊಡ್ಡವರಿಗೆ, ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಮೈಕ್ರೋಗ್ರಾಂ. 60 ಕಿಲೋ ಇದ್ದವರಿಗೆ ಹೆಚ್ಚುಕಡಿಮೆ 100 ಮೈಕ್ರೋಗ್ರಾಂ. ಒಂದು ಗ್ರಾಂ ಎಂದರೆ ಹತ್ತು ಲಕ್ಷ ಮೈಕ್ರೋಗ್ರಾಂ. ಅಂದರೆ ಚಿಟಿಕೆಯಷ್ಟು, ಒಂದೇ ಒಂದು ಗ್ರಾಂ ಥೈರಾಕ್ಸಿನ್ ಒಬ್ಬರಿಗೆ 10,000 ದಿನ, ಅಂದರೆ 27 ವರ್ಷ ಸಾಕು! ಇಷ್ಟು ಸೂಕ್ಷ್ಮವಾದ್ದರಿಂದಲೇ ಕಾಫಿಯ ತಕರಾರು. ಕಾಫಿ, ಹಾಲು ಹೊಟ್ಟೆಯಲ್ಲಿದ್ದರೆ ಔಷಧಿ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗಂತೂ ನಾಲ್ಕು ಗಂಟೆಯ ಅಂತರ ಬೇಕು.

ಈ 1.6 ಎನ್ನುವುದು ಆರಂಭದ ಅಂದಾಜು ಮಾತ್ರ. ಸರಿಯಾಯಿತೇ ಎಂದು ಹೇಳುವುದು ಮೆದುಳಿನ ಬುಡದಲ್ಲಿರುವ, ಬಟಾಣಿ ಕಾಳಿನಷ್ಟೇ ಇರುವ ಪಿಟ್ಯುಟರಿ ಗ್ರಂಥಿ. ರಕ್ತದಲ್ಲಿ ಥೈರಾಕ್ಸಿನ್ ಕಮ್ಮಿಯಾದರೆ ಅದು ಟಿಎಸ್‌ಎಚ್ ಎಂಬ ಹಾರ್ಮೋನನ್ನು ಹೆಚ್ಚು ಬಿಡುತ್ತದೆ. ಥೈರಾಯ್ಡಿಗೆ ಅದು ‘ಇನ್ನಷ್ಟು ಮಾಡು’ ಎಂಬ ಆಜ್ಞೆ. ಥೈರಾಕ್ಸಿನ್ ಸಾಕಷ್ಟಿದ್ದರೆ ಟಿಎಸ್‌ಎಚ್ ಇಳಿಯುತ್ತದೆ. ಅದಕ್ಕೇ ಡಾಕ್ಟರು ರಕ್ತದಲ್ಲಿ ಟಿಎಸ್‌ಎಚ್ ಅಳೆಸುತ್ತಾರೆ.

ಮಾತ್ರೆಯ ಪ್ರಮಾಣ ಬದಲಿಸಿದ ಮಾರನೆಯ ದಿನವೇ ಅಳೆಸಿದರೆ ಉಪಯೋಗವಿಲ್ಲ. ಪೆನ್ಸಿಲ್ ಹಿಡಿಯಿರಿ. ರಕ್ತದಲ್ಲಿರುವ ಥೈರಾಕ್ಸಿನ್ ಅರ್ಧವಾಗಲು ಸುಮಾರು ಒಂದು ವಾರ ಬೇಕು. ಹಳೆಯ ಮಟ್ಟಕ್ಕೂ ಮುಟ್ಟಬೇಕಾದ ಹೊಸ ಮಟ್ಟಕ್ಕೂ ಇರುವ ಅಂತರ 100 ಎಂದುಕೊಳ್ಳಿ. ವಾರ ವಾರ ಅದು 50, 25, 12.5 ಹೀಗೆ ಅರ್ಧರ್ಧ ಆಗುತ್ತ ಹೋಗುತ್ತದೆ. ಆರನೇ ವಾರಕ್ಕೆ ಉಳಿಯುವುದು ಎರಡಕ್ಕಿಂತ ಕಡಿಮೆ. ‘ಆರರಿಂದ ಎಂಟು ವಾರ ಬಿಟ್ಟು ರಕ್ತ ಪರೀಕ್ಷೆಗೆ ಬನ್ನಿ’ ಎನ್ನುವುದರ ಗುಟ್ಟು ಇದೇ.

ಕ್ಯಾನ್ಸರ್ ಆಗಿದ್ದವರ ಲೆಕ್ಕ ಇನ್ನೂ ಸ್ವಲ್ಪ ಕಷ್ಟ. ಸಾಮಾನ್ಯವಾಗಿ ಟಿಎಸ್‌ಎಚ್ ಸುಮಾರು 0.4ರಿಂದ 4ರ ನಡುವೆ ಇರುತ್ತದೆ. ಆದರೆ ಥೈರಾಯ್ಡ್ ಕ್ಯಾನ್ಸರಿನ ಹೆಚ್ಚು ಕಾಣಸಿಗುವ ವಿಧಗಳಲ್ಲಿ, ಎಲ್ಲಾದರೂ ಅಡಗಿ ಉಳಿದ ಕ್ಯಾನ್ಸರ್ ಕೋಶಗಳೂ ಟಿಎಸ್‌ಎಚ್ ಮಾತು ಕೇಳಿ ಬೆಳೆಯಬಲ್ಲವು. ಹಾಗಾಗಿ ಕಾಯಿಲೆ ಮರಳುವ ಭಯ ಹೆಚ್ಚಿರುವವರಿಗೆ ಥೈರಾಕ್ಸಿನ್ ಒಂದು ತೂಕ ಜಾಸ್ತಿಯೇ ಕೊಟ್ಟು, ಟಿಎಸ್‌ಎಚ್ಚನ್ನು 0.1ಕ್ಕಿಂತಲೂ ಕೆಳಗೆ ಇಳಿಸಿಡುತ್ತಾರೆ.

ಹಾಗಂತ ಜಾಸ್ತಿ ಕೊಡುತ್ತಲೇ ಇರುವಂತಿಲ್ಲ. ಥೈರಾಕ್ಸಿನ್ ಅತಿಯಾದರೆ ಎದೆ ಡವಡವ ಎನ್ನುತ್ತದೆ, ಕೈ ನಡುಗುತ್ತದೆ, ನಿದ್ದೆ ಹಾರಿಹೋಗುತ್ತದೆ. ವರ್ಷಗಟ್ಟಲೆ ಹಾಗೇ ಇದ್ದರೆ, ಅದರಲ್ಲೂ ವಯಸ್ಸಾದ ಹೆಂಗಸರಲ್ಲಿ, ಮೂಳೆ ಸವೆಯುತ್ತದೆ. ಕಡಿಮೆಯಾದರೋ ಸುಸ್ತು, ಚಳಿ, ಮಲಬದ್ಧತೆ. ಒಬ್ಬರ ಹೃದಯ ಗಟ್ಟಿ, ಇನ್ನೊಬ್ಬರದು ಅಲ್ಲ. ಒಬ್ಬರ ಗಡ್ಡೆ ಸಣ್ಣದಿತ್ತು, ಇನ್ನೊಬ್ಬರದು ಹರಡಿತ್ತು. ಪಕ್ಕದ ಮನೆಯವರ ಪ್ರಮಾಣ ನಮ್ಮವರಿಗೆ ಹೊಂದದಿರುವುದು ಇದಕ್ಕೇ.

ಕಾಯಿಲೆಯ ಸುಳಿವಿಲ್ಲದೆ ವರ್ಷಗಳು ಕಳೆದರೆ ಡಾಕ್ಟರು ಬಿಗಿ ಸಡಿಲಿಸುತ್ತಾರೆ. ಟಿಎಸ್‌ಎಚ್ 0.5ರಿಂದ 2ರ ನಡುವೆ ಇದ್ದರೂ ಸಾಕು ಎನ್ನಬಹುದು. ಆಗ 125ರ ಮಾತ್ರೆ 112 ಆದೀತು. ತೂಕ ಬದಲಾದರೆ, ಹೊಟ್ಟೆಯಲ್ಲಿ ಪಾಪು ಇದ್ದರೆ ಮತ್ತೆ ಏರಲೂಬಹುದು. ಮಾತ್ರೆ ಬದಲಾಯಿತೆಂದರೆ ಕ್ಯಾನ್ಸರ್ ಮರಳಿತು ಎಂದು ನೀವು ಗಾಬರಿಯಾಗಬೇಕಿಲ್ಲ. ಅದನ್ನು ಕಂಡುಹಿಡಿಯುವ ಪರೀಕ್ಷೆಗಳೇ ಬೇರೆ: ರಕ್ತದಲ್ಲಿ ಥೈರೋಗ್ಲೋಬ್ಯುಲಿನ್ ಎಂಬ ಪ್ರೋಟೀನಿನ ಅಳತೆ, ಜೊತೆಗೆ ಕತ್ತಿನ ಸ್ಕ್ಯಾನಿಂಗ್.