ಬರೆದಿಟ್ಟ ಋಣ



ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದ ಯಾಜ್ಞವಲ್ಕ್ಯಸ್ಮೃತಿಯ ಋಣಾದಾನ ಪ್ರಕರಣದಲ್ಲಿ, ಸಾಲಗಾರನು ಆಗಾಗ ತೀರಿಸಿದ ಹಣವನ್ನು ಪತ್ರದ ಬೆನ್ನ ಮೇಲೆ ಬರೆಯತಕ್ಕದ್ದೆಂದೂ, ಪೂರ್ತಿ ತೀರಿದೊಡನೆ ಪತ್ರವನ್ನೇ ಹರಿಯತಕ್ಕದ್ದೆಂದೂ ವಿಧಿಯುಂಟು. ಬರಹವು ಕೊಟ್ಟವನಿಗೆಂತೋ ಕೊಂಡವನಿಗೂ ಅಂತೆಯೇ ರಕ್ಷೆಯೆಂಬ ಈ ವಿವೇಕವನ್ನು ನಾನು ಬಹುವಾಗಿ ಗೌರವಿಸುತ್ತೇನೆ.

ಆದರೆ ಎಲ್ಲ ಬರಹವೂ ಅಂಥ ರಕ್ಷೆಯಲ್ಲ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಸವರಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕರಿಯ ಕಡತದಲ್ಲಿ ಕನ್ನಡ ವರ್ತಕರು ಬಳಪದಿಂದ ಜಮಾಖರ್ಚು ಬರೆಯುತ್ತಿದ್ದರು. ಒರೆಸಿದರೆ ಅಳಿಯುವ ಬರಹವದು. ಒರೆಸುವ ಕೈಯಾದರೋ ಬಹುಮಟ್ಟಿಗೆ ಸಾಹುಕಾರನದು.

ಅಂದಿನ ಬಳ್ಳಾರಿ ಜಿಲ್ಲೆಯ ರಾಯದುರ್ಗವೂ ಅಂದಿನ ಅನಂತಪುರ ಜಿಲ್ಲೆಯ ಮಡಕಶಿರವೂ ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ರಾಜಾಜಿಯವರ ಸರ್ಕಾರವು 1938ರಲ್ಲಿ ಕೃಷಿಕರ ಋಣಪರಿಹಾರ ಕಾಯಿದೆಯನ್ನು ತಂದಿತು. 1932ರ ಅಕ್ಟೋಬರ್ 1ಕ್ಕೆ ಮುಂಚಿನ ಸಾಲಕ್ಕೆ ಅಸಲೆಂದೋ ಬಡ್ಡಿಯೆಂದೋ ಅಸಲಿನ ಇಮ್ಮಡಿಯನ್ನು ಕೊಟ್ಟಿದ್ದವನು ಋಣಮುಕ್ತನೆಂದು ಅದು ಸಾರಿತು. ಆದರೆ ಕೊಟ್ಟದ್ದನ್ನು ಕೊಟ್ಟೆನೆಂದು ತೋರಿಸಲು ಬರಹ ಬೇಕಲ್ಲವೆ? ನ್ಯಾಯ ಬಾಗಿಲಿಗೆ ಬಂದಾಗ ಬರಿಗೈಯಲ್ಲಿ ನಿಂತ ಬೇಸಾಯಗಾರನನ್ನು ನೆನೆದರೆ ಮನಸ್ಸು ಕುಗ್ಗುತ್ತದೆ.

ಇಂದು ಕಡತದ ಜಾಗಕ್ಕೆ ಗಣಕಯಂತ್ರ ಬಂದಿದೆ. ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಪುತ್ರ ಭರತ್ ಗೋಯೆಂಕಾ 1986ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಉದ್ಯಮದ ಫಲವಾದ, ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶದಲ್ಲಿ, ಒಡೆಯನ ಬಂಡವಾಳಕ್ಕೊಂದು ಗುಂಪು, ಸಾಲಕ್ಕೆ ಬೇರೊಂದು. ಸಾಲದೊಳಗೆ ಅಡಮಾನವಿಟ್ಟು ತಂದದ್ದು, ಅಡಮಾನವಿಲ್ಲದ್ದು, ಬ್ಯಾಂಕಿನ ಓವರ್‌ಡ್ರಾಫ್ಟು ಎಂಬ ಮೂರು ಕವಲು. ಉದ್ರಿಯಾಗಿ ಸರಕು ಕೊಟ್ಟವನ ಬಾಕಿಯು ಇವಾವುದಕ್ಕೂ ಸೇರದೆ ‘ಸಂಡ್ರಿ ಕ್ರೆಡಿಟರ್ಸ್’ ಎಂಬಲ್ಲಿ ನಿಲ್ಲುತ್ತದೆ. ಕಡತದಂತೆ ಇಲ್ಲಿಯೂ ಬರೆದದ್ದನ್ನು ತಿದ್ದಬಹುದು. ಆದುದರಿಂದಲೇ 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯ ಗುರುತನ್ನೂ ದಿನಾಂಕಸಹಿತ ಉಳಿಸಿಕೊಳ್ಳಬೇಕೆಂಬ ನಿಯಮ ಜಾರಿಗೆ ಬಂದಿದೆ.

ರಾಯದುರ್ಗದಲ್ಲಿ ಜೀನ್ಸ್ ಹೊಲಿಸುವ ಚಿಕ್ಕ ಉದ್ಯಮಿಯು ಕಂಪನಿಯಲ್ಲವಾದ್ದರಿಂದ ಆ ನಿಯಮಕ್ಕೆ ಒಳಪಡನು. ಅವನು ಸೋದರಮಾವನಿಂದ ‘ಎರಡು ರೂಪಾಯಿ ಬಡ್ಡಿ’ಗೆ, ಎಂದರೆ ತಿಂಗಳಿಗೆ ನೂರಕ್ಕೆ ಎರಡು, ವರ್ಷಕ್ಕೆ 24ರಂತೆ, ತಂದ ಹಣವನ್ನು ಬಂಡವಾಳದ ಖಾತೆಗೆ ಜಮಾ ಮಾಡಿದನೆನ್ನಿ, ಗಣಕಯಂತ್ರವು ಅದನ್ನು ಅವನ ಸ್ವಂತ ಹಣವೆಂದೇ ಎಣಿಸುತ್ತದೆ. ಅದರ ಬದಲು ಅಡಮಾನವಿಲ್ಲದ ಸಾಲದ ಗುಂಪಿನಲ್ಲಿ ಮಾವನ ಹೆಸರಿನದೇ ಒಂದು ಖಾತೆ ತೆರೆದು, ಬಡ್ಡಿಯ ದರವನ್ನು ನಮೂದಿಸಿ, ಕೊಟ್ಟ ಕಂತುಗಳನ್ನು ಅಂದಂದೇ ಬರೆದನಾದರೆ, ಮುಂದೊಂದು ದಿನ ಮಾವನಿಲ್ಲದ ಮನೆಯಿಂದ ಮಕ್ಕಳು ಬಂದು ಕೇಳಿದಾಗ, ಸಂದದ್ದೆಷ್ಟು ಸಲ್ಲಬೇಕಾದದ್ದೆಷ್ಟು ಎಂಬುದನ್ನು ಅವರೆದುರು ತೆರೆದಿಡಬಲ್ಲನು.